ಕಬ್ಬನ್ ಪಾರ್ಕಿನ ಮೋಟು ಗೋಡೆ: ಕಟ್ಟಿದ್ದು ಕಮ್ಮಿ, ಕಿತ್ತದ್ದೇ ಜಾಸ್ತಿ

ಹೋದ ಅಕ್ಟೋಬರಿನ ಮಳೆಗೆ ಕಬ್ಬನ್ ಪಾರ್ಕಿನಲ್ಲಿ ಒಂದು ಮೋಟು ಗೋಡೆ ಬಿತ್ತು. ಪೇಪರಿನಲ್ಲಿ ಬರುವಂಥ ಸುದ್ದಿಯೇನಲ್ಲ. ಎತ್ತರ ಎರಡೂವರೆ ಅಡಿ, ಉದ್ದ 14 ಅಡಿ, ದಪ್ಪ ಒಂದೂವರೆ ಅಡಿ. ನಡುವಿನ 6 ಅಡಿ ಮಾತ್ರ ಹೊಟ್ಟೆ ಉಬ್ಬಿಕೊಂಡು, ಒಂದು ರಾತ್ರಿ ಕಾಲುದಾರಿಯ ಮೇಲೆ ಮಗುಚಿತು. ಕಲ್ಲಿನ ಜೊತೆ ಹಿಂದಿನ ಕೆಂಪು ಮಣ್ಣೂ ಬಂತು. ಬೆಳಿಗ್ಗೆ ವಾಕಿಂಗಿಗೆ ಬಂದವರು ಕೆಸರು ದಾಟಿಕೊಂಡು ಹೋದರು. ಒಂದಿಬ್ಬರು ಫೋಟೋ ತೆಗೆದರು.

ನಾವು ಒಂಬತ್ತು ಜನ. ಭಾನುವಾರ ಬೆಳಿಗ್ಗೆ ಏಳಕ್ಕೆ ಸೇರುತ್ತೇವೆ, ಹತ್ತೂವರೆಗೆ ತಿಂಡಿ, ಆಮೇಲೆ ಮನೆ. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬ್ಯಾಂಕಿನಿಂದ ರಿಟೈರ್ ಆದವರು ಒಬ್ಬರು, ಆಟೋ ಓಡಿಸುವವರು ಒಬ್ಬರು, ಕಾಲೇಜಿನ ಇಬ್ಬರು ಹುಡುಗಿಯರು, ಹೀಗೆ. ಕಸ ಹೆಕ್ಕುವುದು, ಸಸಿಗೆ ನೀರು ಹಾಕುವುದು ಬಿಟ್ಟು ದೊಡ್ಡ ಕೆಲಸ ಮಾಡಿದವರಲ್ಲ. ಗೋಡೆ ಕಟ್ಟುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ಬರಹ. ಗೊತ್ತಿಲ್ಲದವರು ಮಾಡಿದ ಕೆಲಸದ ನೋಟ್‌ಬುಕ್ಕು ಗೊತ್ತಿಲ್ಲದ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಬಹುದು.

ನವೆಂಬರ್

ಮೊದಲು ಕಾಗದದ ಕೆಲಸ. ಪಾರ್ಕು ತೋಟಗಾರಿಕೆ ಇಲಾಖೆಯದು. ಅಲ್ಲಿ ಸುಮ್ನೆ ಹೋಗಿ ಹಾರೆ ಹಾಕುವ ಹಾಗಿಲ್ಲ. ಒಂದು ಪುಟದ ಅರ್ಜಿ, ಕೈಯಲ್ಲಿ ಬಿಡಿಸಿದ ಒಂದು ನಕ್ಷೆ, ನಾಲ್ಕು ಫೋಟೋ ಕೊಟ್ಟೆವು. ಅದೇ ಕಲ್ಲು ಬಳಸುತ್ತೇವೆ, ಯಂತ್ರ ತರುವುದಿಲ್ಲ, ಸಿಮೆಂಟು ಹಾಕುವುದಿಲ್ಲ, ಕೆಲಸದ ಹೊತ್ತಿನಲ್ಲಿ ಪಾರ್ಕಿನವರು ಒಬ್ಬರು ಜೊತೆಗಿರಲಿ ಅಂತ ಬರೆದೆವು. ಒಪ್ಪಿಗೆ ಬರುವವರೆಗೆ ಬಿದ್ದ ಕಲ್ಲನ್ನು ದಾರಿಯಿಂದ ಸರಿಸಿ, ಸುತ್ತ ಹಗ್ಗ ಕಟ್ಟಿಟ್ಟೆವು.

ಅಷ್ಟರಲ್ಲಿ ಒಬ್ಬ ಮೇಸ್ತ್ರಿ ಸಿಕ್ಕರು. ನಮ್ಮ ಆಟೋ ಅಣ್ಣನ ಮಾವ. ವಯಸ್ಸು ಅರವತ್ತು ದಾಟಿದೆ. ಹುಡುಗನಾಗಿದ್ದಾಗ ತಂದೆಯ ಜೊತೆ ಸುಣ್ಣದ ಗಾರೆ ಕಲೆಸಿದ ಕೈ. ನಾನು ಅವರನ್ನು ಮೇಸ್ತ್ರಿ ಅನ್ನುತ್ತೇನೆ, ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ. ಯಾರು ಯಾರನ್ನು ಕರೆದರು ಅಂತ ಹುಡುಗಿಯರಿಗೆ ಕೊನೆಯವರೆಗೂ ಗೊಂದಲ.

ಮೇಸ್ತ್ರಿ ಬಂದವರು ಬಿದ್ದ ಗೋಡೆಯ ಕಡೆ ನೋಡಲೇ ಇಲ್ಲ. ಅದರ ಮೇಲಿನ ಇಳಿಜಾರು ಹತ್ತಿದರು. ಗೋಡೆಯಿಂದ ಹತ್ತು ಅಡಿ ಹಿಂದೆ ಒಂದು ಭಾರಿ ಮಳೆಮರ ಇದೆ. ಅದರ ಬುಡದ ಸುತ್ತ ಯಾವ ಕಾಲದಲ್ಲೋ ಯಾರೋ ಕಾಂಕ್ರೀಟು ಹಾಕಿದ್ದರು. ಕೂರುವುದಕ್ಕೆ ಚೆನ್ನಾಗಿರಲಿ ಅಂತಲೇ ಹಾಕಿರಬೇಕು. ಬುಡದಿಂದ ನಾಲ್ಕು ಅಡಿ ಅಗಲ, ಕಾಂಡಕ್ಕೆ ಅಂಟಿಕೊಂಡ ಹಾಗೆ. ಮೇಸ್ತ್ರಿ ಒಂದು ಬಕೆಟ್ ನೀರು ತರಿಸಿ ಅದರ ಮೇಲೆ ಸುರಿದರು. ಒಂದು ಹನಿಯೂ ಇಂಗಲಿಲ್ಲ. ನೀರು ಒಂದೇ ಗೆರೆಯಲ್ಲಿ ಇಳಿದು, ಗೋಡೆಯ ಹಿಂದೆ ಮಣ್ಣಿನಲ್ಲಿ ಮಾಯವಾಯಿತು.

"ಈಗ ಗೋಡೆ ನೋಡಿ" ಅಂದರು.

ಬೀಳದೆ ಉಳಿದಿದ್ದ ಭಾಗವನ್ನು ನೋಡಿದೆವು. ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿ, ನೀಟಾಗಿ ಗೆರೆ ಎಳೆದಿದ್ದರು. ನೀರು ಹೊರಗೆ ಬರಲು ಒಂದು ತೂತೂ ಇಲ್ಲ. ನಾನು ಉಳಿ ಇಟ್ಟು ಒಂದು ಪೆಟ್ಟು ಕೊಟ್ಟೆ. ಒಂದು ಇಂಚು ದಪ್ಪದ ಸಿಮೆಂಟು ಬಿಲ್ಲೆಯ ಹಾಗೆ ಎದ್ದು ಬಂತು. ಒಳಗೆ ಇದ್ದದ್ದು ಬೆಳ್ಳಗೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಸುಣ್ಣದ ಗಾರೆ. ಮುಟ್ಟಿದರೆ ಒದ್ದೆ. ಮಳೆ ನಿಂತು ಎರಡು ವಾರ ಆಗಿತ್ತು.

ಅಂದರೆ ಗೋಡೆ ಕಟ್ಟಿದವರು ಸುಣ್ಣದಲ್ಲಿ ಕಟ್ಟಿದ್ದರು. ಊರಿಗೆಲ್ಲ ಸಿಮೆಂಟು ಬರುವ ಮುಂಚಿನ ಕೆಲಸ. ಸುಣ್ಣದ ಸಂದು ಬೆವರುತ್ತದೆ, ಹಿಂದಿನ ನೀರನ್ನು ನಿಧಾನಕ್ಕೆ ಹೊರಗೆ ಬಿಡುತ್ತದೆ. ಆಮೇಲೆ ರಿಪೇರಿಗೆ ಬಂದವರು ಚೆನ್ನಾಗಿ ಕಾಣಲಿ ಅಂತ ಸಿಮೆಂಟಿನಲ್ಲಿ ಬಾಯಿ ಮುಚ್ಚಿದರು. ಮೇಲೆ ಮರದ ಬುಡಕ್ಕೆ ಕಾಂಕ್ರೀಟು ಬಂತು. ನೀರು ಜಾಸ್ತಿ ಆಯಿತು, ಹೋಗುವ ದಾರಿ ಇಲ್ಲವಾಯಿತು. ಇಟ್ಟಿಗೆ ಗೋಡೆ ಆಗಿದ್ದರೆ ಇಟ್ಟಿಗೆಯ ಮುಖವೇ ಉದುರುತ್ತಿತ್ತು. ಇದು ನಮ್ಮೂರಿನ ಬೂದು ಕಲ್ಲು. ಕಲ್ಲಿಗೆ ಏನೂ ಆಗಲಿಲ್ಲ, ಇಡೀ ಗೋಡೆಯೇ ಮುಂದಕ್ಕೆ ಬಂತು.

ಅವತ್ತೇ ನಮ್ಮ ಪಟ್ಟಿ ತಲೆಕೆಳಗಾಯಿತು. ಗೋಡೆ ಕಟ್ಟೋಣ ಅಂತ ಹೊರಟವರು ಮೊದಲು ಮರದ ಬುಡ ಬಿಡಿಸಬೇಕಾಯಿತು.

ಡಿಸೆಂಬರ್: ಮರದಿಂದ ಶುರು

ಮಳೆಮರ ನಮ್ಮ ದೇಶದ್ದಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಕಬ್ಬನ್ ಪಾರ್ಕಿನ ಅರ್ಧ ನೆರಳು ಹೀಗೆ ಹೊರಗಿನಿಂದ ಬಂದ ಮರಗಳದ್ದೇ. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಸಂಜೆಯಾದರೆ, ಮೋಡ ಕವಿದರೆ ಮಳೆಮರ ಎಲೆ ಮಡಚಿಕೊಳ್ಳುತ್ತದೆ. ಮಳೆ ಹನಿ ನೇರವಾಗಿ ಕೆಳಗೆ ಬೀಳುತ್ತದೆ. ಅದಕ್ಕೇ ಕೆಳಗಿನ ನೆಲ ನೀರು ಕುಡಿಯುವ ಹಾಗಿರಬೇಕು. ನಮ್ಮ ಮರದ ಕೆಳಗೆ ಕಾಂಕ್ರೀಟು.

ಪಾರ್ಕಿನವರು ಹೇಳಿದ ಒಂದೇ ಮಾತು, ಡ್ರಿಲ್ ತರಬೇಡಿ. ಸರಿಯಾದ ಮಾತು. ಮರಕ್ಕೆ ನೀರು ಗೊಬ್ಬರ ಹೀರಿಕೊಡುವ ಸಣ್ಣ ಬೇರು ಬಹುಪಾಲು ನೆಲದ ಮೇಲ್ಪದರದ ಒಂದೂವರೆ ಅಡಿಯೊಳಗೇ ಇರುತ್ತವೆ. ಯಂತ್ರಕ್ಕೆ ಕಾಂಕ್ರೀಟು ಯಾವುದು ಬೇರು ಯಾವುದು ಗೊತ್ತಾಗುವುದಿಲ್ಲ. ಉಳಿ, ನಾಲ್ಕು ಪೌಂಡಿನ ಸುತ್ತಿಗೆ, ಒಂದು ಸಣ್ಣ ಹಾರೆ, ಇಷ್ಟೇ ನಮ್ಮ ಸಾಮಾನು. ಮೊದಲು ಹೊರ ಅಂಚಿನ ಕೆಳಗೆ ಕೈಯಲ್ಲಿ ಮಣ್ಣು ಬಿಡಿಸಬೇಕು. ಕೆಳಗೆ ಟೊಳ್ಳಾದ ಮೇಲೆ ಪೆಟ್ಟು ಕೊಟ್ಟರೆ ಕಾಂಕ್ರೀಟು ಹಪ್ಪಳದ ಹಾಗೆ ಮುರಿಯುತ್ತದೆ. ಕೆಳಗೆ ಮಣ್ಣು ಗಟ್ಟಿ ಇರುವಾಗ ಹೊಡೆದರೆ ಕೈ ಮಾತ್ರ ನೋಯುತ್ತದೆ. ಇದು ಗೊತ್ತಾಗುವುದಕ್ಕೆ ನಮಗೆ ಒಂದು ಭಾನುವಾರ ಮತ್ತು ಎರಡು ಬೊಬ್ಬೆ ಬೇಕಾಯಿತು.

ಮೂರು ವಾರ ಹಿಡಿಯಿತು. ಕಾಂಡದ ಹತ್ತಿರದ ಕೊನೆಯ ಅರ್ಧ ಅಡಿ ಬಹಳ ಕಷ್ಟ. ಮರ ದಪ್ಪಗಾಗುತ್ತಾ ಕಾಂಕ್ರೀಟಿನ ಅಂಚನ್ನೇ ತೊಗಟೆಯೊಳಗೆ ತುಂಬಿಕೊಂಡಿತ್ತು. ಎರಡು ಕಡೆ ಬಿಟ್ಟುಬಿಟ್ಟೆವು. ಅಲ್ಲಿ ಎಳೆದರೆ ತೊಗಟೆ ಬರುತ್ತದೆ. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರಿನೊಳಗೆ ಕಾಂಕ್ರೀಟು ಇರಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಕೊಟ್ಟಿತ್ತು. ಬೆಂಗಳೂರಿನ ಫುಟ್‌ಪಾತುಗಳಲ್ಲಿ ನಡೆಯುವಾಗ ನನಗೆ ಆ ಒಂದು ಮೀಟರ್ ಆಗಾಗ ನೆನಪಾಗುತ್ತದೆ.

ಅದೇ ಮರದಲ್ಲಿ ಮೊಳೆಗಳೂ ಇದ್ದವು. ಬೋರ್ಡು ತೂಗುಹಾಕಿದ್ದು, ಸೀರಿಯಲ್ ಸೆಟ್ ಎಳೆದದ್ದು, ಯಾಕೆ ಹೊಡೆದರು ಅಂತಲೇ ತಿಳಿಯದ್ದು. ಹುಡುಗಿಯರು ಎಣಿಸಿದರು, 41. ಕೀಳುವ ಕ್ರಮ ಸುಲಭ. ತೊಗಟೆಗೂ ಸುತ್ತಿಗೆಗೂ ನಡುವೆ ಒಂದು ಮರದ ತುಂಡು ಇಟ್ಟುಕೊಳ್ಳಿ. ಇಲ್ಲದಿದ್ದರೆ ಮೊಳೆ ಕೀಳುವ ಭರದಲ್ಲಿ ತೊಗಟೆಗೆ ಏಟು ಬೀಳುತ್ತದೆ. ಮೊಳೆಯ ತಲೆ ಹೊರಗಿದ್ದರೆ ಮಾತ್ರ ಕೀಳಿ. ಮರ ಪೂರ್ತಿ ನುಂಗಿರುವುದನ್ನು ಅಗೆಯಲು ಹೋಗಬೇಡಿ. ತೂತಿಗೆ ಬಣ್ಣ, ಸಿಮೆಂಟು, ಎಂ-ಸೀಲ್ ಯಾವುದೂ ಬೇಡ, ಮರ ತಾನೇ ಮುಚ್ಚಿಕೊಳ್ಳುತ್ತದೆ. ಮತ್ತೆ, ಕೈಗೆ ಗ್ಲೌಸ್ ಹಾಕಿ. ನಮ್ಮಲ್ಲಿ ಒಬ್ಬರು ತುಕ್ಕು ಮೊಳೆ ಚುಚ್ಚಿಸಿಕೊಂಡು ಟಿ.ಟಿ. ಇಂಜೆಕ್ಷನ್‌ಗೆ ಹೋದರು. 41ರಲ್ಲಿ 33 ಹೊರಗೆ ಬಂತು.

ಜನವರಿ: ಗೋಡೆ ಬಿಚ್ಚಿದ್ದು

ಬಿದ್ದ 6 ಅಡಿಯ ಎರಡೂ ಬದಿಯಲ್ಲಿ ಇನ್ನೊಂದೊಂದು ಅಡಿ ಸಡಿಲವಾಗಿತ್ತು. ಆ ಕಲ್ಲನ್ನೂ ಇಳಿಸಿದೆವು. ಒಟ್ಟು 8 ಅಡಿ ಹೊಸದಾಗಿ ಕಟ್ಟಬೇಕು. ಮುಖಕ್ಕೆ ಬರುವ ಸೈಜುಗಲ್ಲು 38, ಹಿಂದಿನ ತುಂಬುಗಲ್ಲು ಬೇರೆ. ಇಳಿಸುವಾಗ ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ಗುರುತು ಬರೆದೆವು. ಕೆಳಗಿನ ವರಸೆ, ಅಂದರೆ ಕಲ್ಲಿನ ಸಾಲು, ಕ. ಅದರ ಮೇಲೆ ಖ, ಹೀಗೆ. ಗ-3 ಅಂದರೆ ಮೂರನೇ ವರಸೆಯ ಮೂರನೇ ಕಲ್ಲು. ಆಗಲೇ ಬಿದ್ದು ಚೆಲ್ಲಾಪಿಲ್ಲಿಯಾಗಿದ್ದ ಕಲ್ಲಿಗೆ ಏನು ಮಾಡುವುದು? ಬ್ಯಾಂಕಿನ ಯಜಮಾನರು ಮನೆಯಲ್ಲಿ ಹುಡುಕಿ ಒಂದು ಫೋಟೋ ತಂದರು. ಅವರ ಮೊಮ್ಮಗಳು ಒಂದು ವರ್ಷದವಳಿದ್ದಾಗ ಅದೇ ಗೋಡೆಯ ಮೇಲೆ ಕೂರಿಸಿ ತೆಗೆದದ್ದು. ಮಗುವಿನ ಕಾಲಿನ ಎರಡೂ ಬದಿಯ ಕಲ್ಲು ಚೆನ್ನಾಗಿ ಕಾಣುತ್ತಿತ್ತು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನೋಡಿ ನೋಡಿ 14 ಕಲ್ಲಿಗೆ ಜಾಗ ಗುರುತಿಸಿದೆವು.

ಮುಂದಿನ ಭಾನುವಾರ ಬಂದು ನೋಡಿದರೆ ಅರ್ಧ ಕಲ್ಲಿನ ಗುರುತು ಮಾಯ. ಹುಲ್ಲಿಗೆ ನೀರು ಬಿಡುವ ಕಡೆ ಕಲ್ಲು ಜೋಡಿಸಿದ್ದು ನಮ್ಮದೇ ತಪ್ಪು. ಸೀಮೆಸುಣ್ಣ ತೊಳೆದು ಹೋಗಿತ್ತು. ಫೋನಿನ ಫೋಟೋ ನೋಡಿಕೊಂಡು ಮತ್ತೆ ಬರೆದೆವು, ಈ ಸಲ ಇದ್ದಿಲಲ್ಲಿ, ಕಲ್ಲಿನ ತಳಕ್ಕೆ.

ಗೋಡೆಯ ಹೊಟ್ಟೆಯಲ್ಲಿ ಸಿಕ್ಕಿದ್ದು: ಸೋಡಾ ಗೋಲಿ ಎರಡು, ಐದು ಪೈಸೆಯ ಅಲ್ಯೂಮಿನಿಯಂ ನಾಣ್ಯ ಒಂದು, ಹಾವಿನ ಪೊರೆ ಮೊಳದುದ್ದ. ಎಡಗಡೆಯ ಖ-1 ಎತ್ತಿದಾಗ ಹಿಂದಿನ ಪೊಟರೆಯಲ್ಲಿ ಒಂದು ನೆಲಗಪ್ಪೆ. ಮುಷ್ಟಿಯಷ್ಟು ದಪ್ಪ, ಮಣ್ಣಿನದೇ ಬಣ್ಣ. ಕಲ್ಲು ಹೋಗಿ ಬೆಳಕು ಬಿದ್ದರೂ ಅಲ್ಲಾಡಲಿಲ್ಲ. ಗಂಟಲು ಮಾತ್ರ ಟಪಟಪ ಅನ್ನುತ್ತಿತ್ತು. ಮೇಸ್ತ್ರಿ ಕರಣೆ ಕೆಳಗಿಟ್ಟು, "ಬಾಡಿಗೆದಾರ್ರು ಇದಾರೆ, ಸ್ವಲ್ಪ ತಡೀರಿ" ಅಂದರು. ಬಾಂಡ್ಲಿಯಲ್ಲಿ ಒದ್ದೆ ಎಲೆ ಹಾಕಿ, ಕಪ್ಪೆಯನ್ನು ಅದರಲ್ಲಿ ಕೂರಿಸಿ, ಬಿದಿರು ಮೆಳೆಯ ಕಡೆ ಬಿಟ್ಟು ಬಂದೆವು.

ಅಸ್ತಿವಾರ ಚೆನ್ನಾಗಿತ್ತು. ಗುಂಡುಕಲ್ಲು ಹಾಸಿ, ಮೇಲೆ ಸುಣ್ಣ ಜಲ್ಲಿ ಹಾಕಿ ಕುಟ್ಟಿದ್ದರು. ಹಾರೆಯಲ್ಲಿ ತಟ್ಟಿದರೆ ಠಣ್ ಅನ್ನುತ್ತಿತ್ತು. ಅದನ್ನು ಮುಟ್ಟಲಿಲ್ಲ.

ಇಲ್ಲಿ ಪಾರ್ಕಿನ ಕತೆ ಒಂದು ಮಾತು. 1870ರಲ್ಲಿ ಇದನ್ನು ರೂಪಿಸಿದವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ. ಸ್ಯಾಂಕಿ ಕೆರೆಯ ಸ್ಯಾಂಕಿ ಇವರೇ. ಮೊದಲು 100 ಎಕರೆ ಇತ್ತು, ಆಮೇಲೆ ಬೆಳೆದು ಸುಮಾರು 300 ಆಯಿತು. ಮೊದಲ ಹೆಸರು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್, 1927ರಿಂದ ಕಾಗದದ ಮೇಲೆ ಶ್ರೀ ಚಾಮರಾಜೇಂದ್ರ ಪಾರ್ಕ್. ಆಟೋ ಅಣ್ಣನಿಗೆ ಯಾವ ಪ್ಯಾಸೆಂಜರೂ ಆ ಹೆಸರು ಹೇಳಿ ಕರೆದಿಲ್ಲವಂತೆ. ಸ್ಯಾಂಕಿಯ ಕೈಚಳಕ ನನಗೆ ಕಾಣುವುದು ಅಠಾರಾ ಕಚೇರಿಯ, ಅಂದರೆ ಈಗಿನ ಹೈಕೋರ್ಟಿನ, ಕಂಬಗಳಲ್ಲಿ ಅಲ್ಲ. ಇಲ್ಲಿನ ಬಂಡೆಗಳನ್ನು ಒಡೆಯದೆ, ಏರುತಗ್ಗನ್ನು ಮಟ್ಟ ಮಾಡದೆ ಹಾಗೇ ಬಿಟ್ಟದ್ದರಲ್ಲಿ. ನೆಲ ಏರುತಗ್ಗು ಇದ್ದರೆ ನೀರು ಹರಿಯುತ್ತದೆ, ನೀರು ಹರಿಯುವ ಕಡೆ ಇಂಥ ಮೋಟು ಗೋಡೆ ಬೇಕಾಗುತ್ತದೆ.

ಸುಣ್ಣ

ಇದಕ್ಕೆ ತಿಂಗಳ ಹೆಸರು ಸಾಲದು. ಜನವರಿಯ ಮೊದಲ ವಾರ ಶುರುವಾದದ್ದು ಫೆಬ್ರವರಿಗೆ ಮುಗಿಯಿತು.

50 ಕೆಜಿ ಸುಟ್ಟ ಸುಣ್ಣದ ಕಲ್ಲು ತಂದೆವು. ಚೀಲದಲ್ಲಿ ಪುಡಿಯಾಗಿ ಬರುವ ಸುಣ್ಣ ಬೇಡ, ಕಲ್ಲೇ ಬೇಕು ಅಂತ ಮೇಸ್ತ್ರಿಯ ಹಟ. ಅದನ್ನು ಅರಳಿಸುವುದು ಮಕ್ಕಳು ಓಡಾಡುವ ಕಡೆ ಮಾಡುವ ಕೆಲಸವಲ್ಲ. ಆಟೋ ಅಣ್ಣನ ಊರಿನ ಕಡೆಯ ಖಾಲಿ ಸೈಟಿನಲ್ಲಿ ಮಾಡಿದೆವು. ಕಬ್ಬಿಣದ ಡ್ರಮ್ಮಿನಲ್ಲಿ ಅರ್ಧದಷ್ಟು ನೀರು. ಆ ನೀರಿಗೆ ಸುಣ್ಣದ ಕಲ್ಲನ್ನು ಒಂದೊಂದಾಗಿ ಬಿಡಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು, ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಡ್ರಮ್ಮು ಬೇಡವೇ ಬೇಡ, ಕರಗುವಷ್ಟು ಕಾಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಪಕ್ಕದಲ್ಲಿ ಎರಡು ಬಿಂದಿಗೆ ತಣ್ಣೀರು.

ಮೊದಲ ಕಲ್ಲು ಮುಳುಗಿತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಒಳಗಿನಿಂದ ಗುಳುಗುಳು. ಕಲ್ಲು ಬಿರಿದು, ಹೂವಿನ ಹಾಗೆ ಅರಳಿ, ನೀರು ಕೊತಕೊತ ಕುದಿಯತೊಡಗಿತು. ಅರಳಿಸುವುದು ಅನ್ನುವ ಮಾತು ಎಲ್ಲಿಂದ ಬಂತು ಅಂತ ಅವತ್ತು ಕಣ್ಣಾರೆ ನೋಡಿದೆ. ತಣ್ಣಗಾದ ಮೇಲೆ ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮೂರು ವಾರ ಮುಚ್ಚಿಟ್ಟೆವು. ತೆಗೆದಾಗ ಬೆಣ್ಣೆ. ಕರಣೆಯಲ್ಲಿ ಎತ್ತಿದರೆ ಜಾರುವುದಿಲ್ಲ, ಸುರಿಯುವುದೂ ಇಲ್ಲ.

ಗಾರೆಯ ಲೆಕ್ಕ: ಸುಣ್ಣ ಒಂದು ಬಾಂಡ್ಲಿ, ಸುರ್ಕಿ ಒಂದು, ಮರಳು ಎರಡು. ಸುರ್ಕಿ ಅಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ನುಣ್ಣನೆ ಪುಡಿ. ಬರೀ ಸುಣ್ಣ ಗಾಳಿ ತಾಗಿದ ಕಡೆ ಮಾತ್ರ ಗಟ್ಟಿಯಾಗುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಅದು ನಿಧಾನಕ್ಕೆ ಮತ್ತೆ ಸುಣ್ಣಕಲ್ಲೇ ಆಗಬೇಕು. ಸುರ್ಕಿ ಸೇರಿದರೆ ತೇವ ಇರುವ ಕಡೆಯೂ ಕಚ್ಚಿಕೊಳ್ಳುತ್ತದೆ. ಮಣ್ಣು ತಡೆಯುವ ಗೋಡೆಗೆ ಅದು ಬೇಕೇ ಬೇಕು. ಹೊಳೆ ಮರಳಿನ ಆಸೆ ಬಿಟ್ಟು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ತಂದೆವು. ಅದರಲ್ಲಿ ಹಿಟ್ಟಿನಂಥ ಧೂಳು ಜಾಸ್ತಿ. ಎರಡು ಸಲ ತೊಳೆದು ಒಣಗಿಸಿದೆವು.

ನೀರಿನ ಬದಲು ಬೆಲ್ಲ, ಅಳಲೆಕಾಯಿ ನೆನೆಸಿಟ್ಟ ನೀರು. ಮೇಸ್ತ್ರಿಯ ಅಪ್ಪನ ಕಾಲದ ರೂಢಿ. ನಾನು ಮೊದಲು ನಂಬಲಿಲ್ಲ. ಒಂದು ಬಾಂಡ್ಲಿ ಬರೀ ನೀರಲ್ಲಿ, ಒಂದು ಬೆಲ್ಲದ ನೀರಲ್ಲಿ ಕಲೆಸಿ ನೋಡಿದೆ. ಬೆಲ್ಲದ್ದು ಕಡಿಮೆ ನೀರಿಗೇ ಹದಕ್ಕೆ ಬಂತು, ಕರಣೆಯ ಕೆಳಗೆ ಮೆತ್ತಗೆ ಹರಡಿತು. ಒಂದೇ ತೊಂದರೆ. ಮಾರನೇ ದಿನ ಗೋಡೆಯ ತುಂಬ ಇರುವೆ.

ಫೆಬ್ರವರಿ: ಕಟ್ಟಿದ್ದು

ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡುವುದಿಲ್ಲ. 2015ರಿಂದ ಹಾಗೆ. ವಾಕಿಂಗಿನವರಿಗೆ ಸ್ವರ್ಗ, ನಮಗೆ ಪೇಚಾಟ. ಮರಳು, ಸುಣ್ಣ, ಜಲ್ಲಿ ಎಲ್ಲ ಶನಿವಾರ ಸಂಜೆಯೇ ತಂದಿಡಬೇಕು. ಒಂದು ಸಲ ಮರೆತು, ಗೇಟಿನಿಂದ ಆರು ಚೀಲ ಮರಳನ್ನು ಸೈಕಲ್ಲಿನ ಮೇಲಿಟ್ಟು ತಳ್ಳಿಕೊಂಡು ಬಂದೆವು.

ಕಟ್ಟುವ ಕೆಲಸ ನಾವು ಹೆದರಿದಷ್ಟು ಕಷ್ಟವಿರಲಿಲ್ಲ, ಮೇಸ್ತ್ರಿ ಇದ್ದರಲ್ಲ. ನಾನು ಕಲಿತ ನಾಲ್ಕು ವಿಷಯ ಬರೆಯುತ್ತೇನೆ. ಗೋಡೆ ನೆಟ್ಟಗೆ ನಿಲ್ಲಬಾರದು, ಮಣ್ಣಿನ ಕಡೆ ಒರಗಬೇಕು. ಎರಡೂವರೆ ಅಡಿಗೆ 3 ಇಂಚು ಹಿಂದಕ್ಕೆ ಹಾಕಿದೆವು. ಎರಡೂ ತುದಿಗೆ ಕಡ್ಡಿ ನೆಟ್ಟು ದಾರ ಕಟ್ಟಿ, ವರಸೆ ಏರಿದ ಹಾಗೆ ದಾರವನ್ನೂ ಹಿಂದಕ್ಕೆ ಸರಿಸುತ್ತಾ ಹೋಗುವುದು. ಎರಡನೆಯದು, ಕಲ್ಲಿನ ಮೇಲೆ ಕಲ್ಲು ಕೂತಾಗ ಗಾರೆ ಇಲ್ಲದೆಯೂ ಅಲ್ಲಾಡಬಾರದು. ಮೊದಲು ಒಣಗಲ್ಲನ್ನೇ ಇಟ್ಟು, ಅಲ್ಲಾಡಿದರೆ ತಿರುಗಿಸಿ, ಚಕ್ಕೆ ಕೊಟ್ಟು, ಆಮೇಲೆ ಎತ್ತಿ ಗಾರೆ ಹಾಕಬೇಕು. ನಾವು ಗಾರೆಯನ್ನು ಅಂಟಿನ ಹಾಗೆ ನೋಡುತ್ತಿದ್ದೆವು. ಮೇಸ್ತ್ರಿ ಅದನ್ನು ಹಾಸಿಗೆ ಅನ್ನುತ್ತಿದ್ದರು. ಮೂರು, ಪ್ರತಿ ವರಸೆಯಲ್ಲೂ ಮುಖದಿಂದ ಹಿಂದಿನವರೆಗೆ ಮುಟ್ಟುವ ಉದ್ದನೆ ಕಲ್ಲು ಒಂದಾದರೂ ಇರಲೇಬೇಕು. ಹಳೇ ಗೋಡೆಯಲ್ಲೂ ಇತ್ತು, ಬಿದ್ದ ರಾಶಿಯಲ್ಲಿ ಹುಡುಕಿ ತೆಗೆದೆವು. ನಾಲ್ಕು, ಕಲ್ಲು ನೆನೆದಿರಬೇಕು. ಈ ನಾಲ್ಕನೆಯದನ್ನು ನಾನು ಕೇಳಿಸಿಕೊಂಡೆ, ಬರೆದುಕೊಂಡೆ, ಆಮೇಲೆ ಮರೆತೆ. ಅದರ ಕತೆ ಮುಂದೆ.

ಬುಡದಲ್ಲಿ 3 ಅಡಿಗೊಂದರಂತೆ ಎರಡು ಇಂಚಿನ ಸಂದು ಬಿಟ್ಟೆವು, ಒಟ್ಟು ಮೂರು. ಪೈಪು ಹಾಕಲಿಲ್ಲ, ಕಲ್ಲಿನ ನಡುವೆ ಗಾರೆ ತುಂಬದೆ ಬಿಟ್ಟದ್ದು ಅಷ್ಟೇ. ಹಿಂದುಗಡೆ ಒಂದು ಅಡಿ ಅಗಲಕ್ಕೆ ಜಲ್ಲಿ ತುಂಬಿದೆವು. ಅಗೆದ ಮಣ್ಣನ್ನೇ ಹಾಗೇ ಹಿಂದೆ ನೂಕಿದ್ದರೆ ಅದು ಮೊದಲ ಮಳೆಗೇ ಸಂದಿಗೆ ಬಂದು ಕೂರುತ್ತಿತ್ತು.

ಮೂರು ಭಾನುವಾರದಲ್ಲಿ ಗೋಡೆ ಎದ್ದಿತು. ಮೊಮ್ಮಗಳು ಕೂತಿದ್ದ ಕಲ್ಲು ಅದೇ ಜಾಗದಲ್ಲಿ ಕೂತಿತು. ಅವಳಿಗೀಗ ಒಂಬತ್ತು ವರ್ಷ. ಅವಳೇ ಬಂದು ಕಲ್ಲಿನ ತಳದ ಇದ್ದಿಲ ಗುರುತು ಓದಿ ಹೇಳಿದಳು.

ಮಾರ್ಚ್: ನಾವೇ ಮಾಡಿದ್ದನ್ನು ನಾವೇ ಕಿತ್ತದ್ದು

ಸಂದಿಗೆ ಮುಖದ ಗಾರೆ ತುಂಬುವ ದಿನ ಮೇಸ್ತ್ರಿ ಮದುವೆಗೆ ಹೋಗಿದ್ದರು. ನಮಗೆ ಧೈರ್ಯ ಬಂದಿತ್ತು. ಗಟ್ಟಿಯಾಗಲಿ ಅಂತ ಸುಣ್ಣ ಸ್ವಲ್ಪ ಜಾಸ್ತಿ ಹಾಕಿದೆ. ಕಲ್ಲಿಗೆ ನೀರು ಚಿಮುಕಿಸಲಿಲ್ಲ. ಹತ್ತೂವರೆಗೆ ಮುಗಿಸಿ, ಒದ್ದೆ ಗೋಣಿ ಹೊದಿಸಿ, ತಿಂಡಿಗೆ ಹೋದೆವು. ಮಾರ್ಚಿನ ಬಿಸಿಲು. ಗೋಣಿ ಮಧ್ಯಾಹ್ನಕ್ಕೆ ಒಣಗಿತ್ತು. ಸೋಮವಾರ ಯಾರೂ ಬರಲಿಲ್ಲ.

ಮುಂದಿನ ಭಾನುವಾರ ಸಂದಿನ ತುಂಬ ಕೂದಲೆಳೆಯಂಥ ಬಿರುಕು. ಬೆರಳು ಇಟ್ಟರೆ ಗಾರೆ ಕಲ್ಲಿನಿಂದ ಬಿಟ್ಟು ಅಲ್ಲಾಡುತ್ತಿತ್ತು. ಕಾಯ್ದ ಕಲ್ಲು ಗಾರೆಯ ನೀರನ್ನೆಲ್ಲ ಹೀರಿಕೊಂಡಿತ್ತು. ಸುಣ್ಣ ಜಾಸ್ತಿಯಾದದ್ದರಿಂದ ಗಾರೆ ಕುಗ್ಗಿತ್ತು ಬೇರೆ. ಮೇಸ್ತ್ರಿ ನೋಡಿದರು. ಬೈಯಲಿಲ್ಲ.

"ಪರವಾಗಿಲ್ಲ ಮೇಷ್ಟ್ರೇ, ಸುಣ್ಣ ಅಲ್ವಾ, ಉಗುರಲ್ಲೇ ಬರುತ್ತೆ. ಸಿಮೆಂಟಾಗಿದ್ರೆ ನಿಮ್ ಮಕ್ಕಳು ಬಂದು ಕೀಳ್ಬೇಕಿತ್ತು."

8 ಅಡಿಯನ್ನೂ ಕೆರೆದು ತೆಗೆದೆವು. ಈ ಸಲ ಹಿಂದಿನ ಸಂಜೆಯೇ ಗೋಡೆ ನೆನೆಸಿ, ಬೆಳಿಗ್ಗೆ ಮತ್ತೆ ನೆನೆಸಿ, ಹಳೇ ಲೆಕ್ಕದಲ್ಲೇ ಕಲೆಸಿ ತುಂಬಿದೆವು. ಒಂದು ಗಂಟೆ ಬಿಟ್ಟು, ತೆಂಗಿನ ನಾರಿನ ಬ್ರಷ್ಷಿನಿಂದ ಮೆಲ್ಲಗೆ ಕುಟ್ಟಿದೆವು. ಮೇಲ್ಮೈ ಒರಟಾದರೆ ಗಾಳಿ ಚೆನ್ನಾಗಿ ತಾಗುತ್ತದೆ. ಗೋಣಿಗೆ ದಿನಕ್ಕೆ ಮೂರು ಸಲ ನೀರು, ಮೂರು ವಾರ. ಬೆಳಗಿನ ಸಲ ವಾಕಿಂಗಿಗೆ ಬರುವ ಮೂವರು ಆಂಟಿಯರು ವಹಿಸಿಕೊಂಡರು. ತಲಾ ಎರಡು ಬಾಟಲಿ. ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಉಳಿದ ಇಬ್ಬರು ಬಿಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ನಡುವೆ ಎಲೆಯ ಕೆಲಸ

ಫೆಬ್ರವರಿ, ಮಾರ್ಚಿನಲ್ಲಿ ಮಳೆಮರ ಎಲೆ ಉದುರಿಸುತ್ತದೆ. ಮರದ ಬುಡ ಈಗ ಬರೀ ಮಣ್ಣು, ವರ್ಷಗಟ್ಟಲೆ ಕಾಂಕ್ರೀಟಿನ ಕೆಳಗಿದ್ದು ಇಟ್ಟಿಗೆಯ ಹಾಗಾಗಿತ್ತು. ಅದೇ ಎಲೆಯನ್ನು ಅದಕ್ಕೇ ವಾಪಸ್ ಕೊಡೋಣ ಅಂದುಕೊಂಡೆವು. 10 ಅಡಿ ಉದ್ದ, 4 ಅಡಿ ಎತ್ತರದ ತಂತಿ ಬಲೆಯನ್ನು ಸುತ್ತಿ ಕಟ್ಟಿದರೆ ಮೂರು ಅಡಿ ಅಗಲದ ಗೂಡು. ಎಲೆ ತುಂಬುವುದು, ನಡುನಡುವೆ ಸಗಣಿ ನೀರು, ಹುಳಿ ಮಜ್ಜಿಗೆ.

ಮಳೆಮರದ ಎಲೆಯ ಗುಣವೂ ದೋಷವೂ ಒಂದೇ, ಬಹಳ ಸಣ್ಣ. ಬೇಗ ಕೊಳೆಯುತ್ತದೆ. ಆದರೆ ಒದ್ದೆಯಾದರೆ ಚಾಪೆಯ ಹಾಗೆ ಅಂಟಿ ಗಾಳಿ ಆಡುವುದಿಲ್ಲ, ನಾತ ಹೊಡೆಯುತ್ತದೆ. ಪಕ್ಕದ ಸಿಲ್ವರ್ ಓಕಿನ ಎಲೆ ತದ್ವಿರುದ್ಧ. ಸುಲಭಕ್ಕೆ ಕೊಳೆಯುವುದಿಲ್ಲ, ಆದರೆ ಉಬ್ಬಿಕೊಂಡಿರುತ್ತದೆ. ಎರಡನ್ನೂ ಬೆರೆಸಿದ ಮೇಲೆ ಸರಿಹೋಯಿತು. ಎರಡು ವಾರಕ್ಕೊಮ್ಮೆ ಮಗುಚಿ ಹಾಕಿದೆವು. ಹದ ನೋಡುವುದು ಕೈಯಲ್ಲಿ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು. ಧಾರೆ ಬಂದರೆ ಜಾಸ್ತಿ, ಏನೂ ಬರದಿದ್ದರೆ ಕಮ್ಮಿ.

ಇಲ್ಲೂ ಒಂದು ಎಡವಟ್ಟು. ಅರ್ಧ ಕೊಳೆತ ಎಲೆಯನ್ನು ಉತ್ಸಾಹದಲ್ಲಿ ಮರದ ಬುಡಕ್ಕೆ, ಕಾಂಡಕ್ಕೆ ಒತ್ತಿ ಒಂದು ಅಡಿ ಎತ್ತರ ಪೇರಿಸಿದೆವು. ಹದಿನೈದು ದಿನಕ್ಕೆ ಒಳಗೆ ತೊಗಟೆ ಮೆತ್ತಗಾಗಿ, ಗೆದ್ದಲು ಹತ್ತಿತ್ತು. ಕಾಂಡದಿಂದ ಒಂದು ಗೇಣು ದೂರ ಬಿಡಬೇಕಿತ್ತು. ಎಲ್ಲ ಸರಿಸಿ, ನಡುವೆ ಖಾಲಿ, ಸುತ್ತ ಎಲೆ, ನಿಪ್ಪಟ್ಟಿಗಿಂತ ವಡೆಯ ಹಾಗೆ ಮಾಡಿದೆವು. ಕಾಂಕ್ರೀಟು ಕಿತ್ತ ನಾವೇ ಎಲೆಯಲ್ಲಿ ಅದನ್ನೇ ಮಾಡಿದ್ದೆವು.

ಮೇ: ಮಳೆ

ಏಪ್ರಿಲ್ ಕೊನೆಯ ಮಳೆ ನೆಲ ತೋಯಿಸಿ ಹೋಯಿತು, ಅಷ್ಟೇ. ಮೇ ಎರಡನೇ ವಾರ ಸಂಜೆ ಐದಕ್ಕೆ ನಿಜವಾದದ್ದು ಬಂತು. ನಾನು ಸ್ಕೂಟರ್ ಹೊರಗೆ ನಿಲ್ಲಿಸಿ, ಛತ್ರಿ ಹಿಡಿದು ಓಡಿದೆ. ನೋಡಿದರೆ ಆಟೋ ಅಣ್ಣ ಆಗಲೇ ಅಲ್ಲಿದ್ದಾರೆ, ತಲೆಗೆ ಸುಣ್ಣದ ಖಾಲಿ ಚೀಲ.

ಮೊದಲ ಇಪ್ಪತ್ತು ನಿಮಿಷ ಗೋಡೆಯಿಂದ ಏನೂ ಬರಲಿಲ್ಲ. ಮೇಲೆ ಹೋಗಿ ನೋಡಿದೆ. ಮರದ ಬುಡದಲ್ಲಿ ನೀರು ನಿಂತು, ಎಲೆಯ ಕೆಳಗೆ ಸುಯ್ ಅಂತ ಇಳಿಯುತ್ತಿತ್ತು. ಕೆಳಗೆ ಬಂದಾಗ ನಡುವಿನ ಸಂದಿಯಲ್ಲಿ ಒಂದು ಹನಿ ಕಂಡಿತು. ಆಮೇಲೆ ಬೆರಳು ಗಾತ್ರದ ಧಾರೆ. ಮೊದಲು ಕೆಂಪಗೆ ಬಂತು, ಕಾಲು ಗಂಟೆಯಲ್ಲಿ ತಿಳಿಯಾಯಿತು. ಎಡಗಡೆಯದು ಬಂತು. ಬಲಗಡೆಯದು ಬರಲಿಲ್ಲ. ಕಡ್ಡಿ ಹಾಕಿ ನೋಡಿದರೆ ಯಾರೋ ಚಿಪ್ಸಿನ ಖಾಲಿ ಪ್ಯಾಕೆಟ್ಟನ್ನು ಮಡಚಿ ಮಡಚಿ ಅದರೊಳಗೆ ತುರುಕಿದ್ದರು. ಎಳೆದ ತಕ್ಷಣ ನೀರು ಮುಂಗೈಗೆ ಚಿಮ್ಮಿತು.

ಹೊಸ 8 ಅಡಿ ಅಲ್ಲಾಡಿಲ್ಲ. ದಾರ ಹಿಡಿದು ಅಳೆದೆವು, ಹೊಟ್ಟೆ ಬಂದಿಲ್ಲ. ಆದರೆ ಎರಡೂ ತುದಿಯಲ್ಲಿ ಮೂರು ಮೂರು ಅಡಿ ಹಳೇ ಭಾಗ ಸಿಮೆಂಟು ಮೆತ್ತಿಕೊಂಡು ಹಾಗೇ ಇದೆ. ಬಲ ತುದಿಯಲ್ಲಿ ದಾರಕ್ಕೂ ಕಲ್ಲಿಗೂ ನಡುವೆ ಅರ್ಧ ಇಂಚು ವ್ಯತ್ಯಾಸ ಸಿಕ್ಕಿತು. ಜೂನ್ ಮಳೆ ಜೋರಾಗುವ ಮುಂಚೆ ಆ ಸಿಮೆಂಟು ಕೀಳಬೇಕು. ಒಪ್ಪಿಗೆ ಸಿಕ್ಕಿದೆ. ಅರಳಿಸಿದ ಸುಣ್ಣ ಎರಡು ಬಕೆಟ್ ಉಳಿದಿದೆ, ನೀರಿನ ಕೆಳಗೆ ಚೆನ್ನಾಗೇ ಇದೆ. ಎಡಗಡೆಯ ಖ-1ರ ಹಿಂದೆ ಮಾತ್ರ ಯಾರೂ ಕೈ ಹಾಕಬೇಡಿ, ನೆಲಗಪ್ಪೆಯೊಂದು ಅಲ್ಲಿ ಮತ್ತೆ ಬಂದು ಕೂತಿದೆ.

ಭಾನುವಾರ ಏಳಕ್ಕೆ. ಬರುವವರು ಉಳಿ ತನ್ನಿ, ನಮ್ಮಲ್ಲಿ ಎರಡೇ ಇವೆ, ಒಂದರ ಮೂತಿ ಮೊಂಡಾಗಿದೆ.